ದೇವರ ಬಲಗಡೆ

ಕೆಲಸದ ಆರ್ಡರು ಬಂದ ದಿನ ಪೂಜಾರಿ ಕಾಳಯ್ಯನ ಮನೆಯಲ್ಲಿ ಹಿತಕಿದ ಅವರೆಕಾಳಿನ ಸಾರು. ರಾಗಿ ಕೊಯ್ಲಿನಿಂದ ಬಂದವರೆಲ್ಲ ಕೈಕಾಲು ತೊಳೆದು ನಡುಮನೆಯಲ್ಲಿ ಕುಳಿತಿದ್ದರು. ಆಗಲೇ ಮುದ್ದೆಗೆ ಕೈಯಿಟ್ಟಿದ್ದ ಮಗ ಬೀರೇಶ ಲಕೋಟೆಯನ್ನು ಎಡಗೈಯಲ್ಲೇ ಒಡೆಯಲು ಹೋಗಿ ಒದ್ದಾಡುತ್ತಿದ್ದ. ಅವನ ಹೆಂಡತಿ ಲತಾಮಣಿ ಅದನ್ನು ಕಿತ್ತುಕೊಂಡು, ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ತಾನೇ ಓದಿದಳು. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಹುದ್ದೆ. ಡಿಸೆಂಬರ್ ಇಪ್ಪತ್ನಾಲ್ಕರೊಳಗೆ ಅಸಲು ದಾಖಲೆಗಳ ಸಮೇತ ಹಾಸನಕ್ಕೆ ಬಂದು ಹಾಜರಾಗಬೇಕು. ತಪ್ಪಿದರೆ ಆಯ್ಕೆ ರದ್ದು.

"ಇನ್ನೊಂದ್ಸಲ ಓದವ್ವ," ಎಂದಳು ಅತ್ತೆ ಗಿರಿಯಮ್ಮ.

ಲತಾಮಣಿ ಇನ್ನೊಂದು ಸಲ ಓದಿದಳು.

"ಆ ರದ್ದು ಅನ್ನೋದನ್ನ ಬಿಟ್ಟು ಓದು."

ಎಲ್ಲರೂ ನಕ್ಕರು. ಕಾಳಯ್ಯ ಮಾತ್ರ ನಗಲಿಲ್ಲ. ಅವನ ಕೈ ನಡುಗಿ ಸಾರು ಮೊಣಕೈವರೆಗೂ ಇಳಿದಿತ್ತು. ಅದನ್ನು ಪಂಚೆಯ ತುದಿಯಲ್ಲಿ ಒರೆಸಿಕೊಂಡು ಕೇಳಿದ: "ಸೋಮವಾರ ರಜ ಕೊಡ್ತಾರೇನ್ಲಾ?"

"ವಾರಕ್ಕೊಂದಿನ ಐತೆ ಅಪ್ಪಯ್ಯ. ಯಾವ ದಿನ ಅನ್ನೋದು ಡಿಪೋದೋರು ಹೇಳ್ಬೇಕು."

"ರಾತ್ರಿಗೆ ಊರಿಗೆ ಬತ್ತೀಯಾ?"

"ಅದು ರೂಟ್ ಮೇಲೆ. ನೈಟ್ ಹಾಲ್ಟ್ ಬಿದ್ರೆ ಅಲ್ಲೇ ಮಲಗಬೇಕು."

"ಉಣ್ಣಾದು?"

ಬೀರೇಶ ಮುದ್ದೆ ಮುರಿದುಕೊಂಡ.

"ಕಂಡಕ್ಟರ ಬ್ಯಾಗು ತೊಗಲಿಂದಲ್ವೇನ್ಲಾ?"

"ರೆಕ್ಸಿನ್ನಿಂದೂ ಇರ್ತವೆ ಮಾವ," ಎಂದಳು ಲತಾಮಣಿ.

"ಉಣ್ಣೋ ಹೊತ್ನಾಗೆ ಪೊಲೀಸ್ನೋರಂಗೆ ಕೇಳ್ಬ್ಯಾಡಿ," ಗಿರಿಯಮ್ಮ ಗದರಿದಳು. "ಮಗ ಉಣ್ಲಿ."

ಕಾಳಯ್ಯ ಕೇಳಿದ್ದರಲ್ಲಿ ಸುಮ್ಮನೆ ಕೇಳಿದ ಮಾತು ಒಂದೂ ಇರಲಿಲ್ಲ. ಹುಲಿಕೆರೆಯಿಂದ ಎರಡು ಮೈಲಿ ಒಳಗಿನ ಕಂಬಳಿಕೊಪ್ಪಲಿನಲ್ಲಿ ನಲವತ್ತೆರಡು ಮನೆ, ಒಂದು ಬೀರೇದೇವರ ಗುಡಿ. ಗುಡಿಯ ಪೂಜಾರಿ ಪಟ್ಟ ಕಾಳಯ್ಯನ ವಂಶದಲ್ಲಿ ಹಿರಿಯ ಮಗನಿಗೆ. ಒಮ್ಮೆ ಪಟ್ಟ ಕಟ್ಟಿಸಿಕೊಂಡವನು ಮನೆಯಲ್ಲಿ ಬೇಯಿಸಿದ್ದನ್ನಲ್ಲದೆ ಬೇರೆ ಕಡೆ ಉಣ್ಣುವಂತಿಲ್ಲ, ಊರ ಗಡಿಯಾಚೆ ರಾತ್ರಿ ಕಳೆಯುವಂತಿಲ್ಲ, ಕಾಲಿಗೆ ಮೆಟ್ಟು ಹಾಕುವಂತಿಲ್ಲ, ತೊಗಲು ಮುಟ್ಟುವಂತಿಲ್ಲ. ಕಾಳಯ್ಯ ಹೀಗೆ ನಲವತ್ತು ವರ್ಷ ಕಳೆದಿದ್ದ. ಹಾಸನವನ್ನು ನೋಡಿದ್ದ, ಆದರೆ ಹಾಸನದಲ್ಲಿ ಒಂದು ಲೋಟ ಕಾಫಿಯನ್ನೂ ಕುಡಿದಿರಲಿಲ್ಲ. ಹೋದ ವರ್ಷದಿಂದ ಕೈ ನಡುಕ ಶುರುವಾಗಿತ್ತು. ಬೇಲೂರಿನ ಡಾಕ್ಟರು ಕೊಟ್ಟ ಮಾತ್ರೆಯಿಂದ ನಿದ್ದೆ ಚೆನ್ನಾಗಿ ಬಂತು, ನಡುಕ ಹೋಗಲಿಲ್ಲ. ಕಾರ್ತಿಕದ ಒಂದು ಸೋಮವಾರ ಮಂಗಳಾರತಿ ತಟ್ಟೆ ಕೈಜಾರಿ ಉರಿಯುವ ಕರ್ಪೂರ ಹೆಂಗಸರ ಸೆರಗಿನ ಮೇಲೆ ಬಿದ್ದಿತ್ತು. ಸಂಕ್ರಾಂತಿಗೆ ಬೀರೇಶನಿಗೆ ಪಟ್ಟ ಕಟ್ಟುವುದೆಂದು ಊರವರು ಅಲ್ಲೇ ಮಾತಾಡಿಕೊಂಡರು. ಬೀರೇಶ ತಲೆಯಾಡಿಸಿದ್ದ. ಎರಡು ವರ್ಷದ ಹಿಂದೆ ಹಾಕಿದ್ದ ಕಂಡಕ್ಟರ್ ಅರ್ಜಿಯನ್ನು ಅವನು ಮರೆತೇಬಿಟ್ಟಿದ್ದ.

ದೇವರು ಈ ಮನೆಗೆ ಕೊಟ್ಟಿದ್ದೇನೆಂದು ಕೇಳಿದರೆ ಗಿರಿಯಮ್ಮ ಬೆರಳು ಮಡಿಚಿ ಹೇಳುತ್ತಿದ್ದಳು. ಒಂದೂವರೆ ಎಕರೆ ಇನಾಮು ಹೊಲ, ಅದರಲ್ಲಿ ಏಳು ತಿಂಗಳಿಗಾಗುವ ರಾಗಿ. ಪೂಜೆಗೆಂದು ಸರ್ಕಾರ ಕೊಡುವ ತಸ್ತೀಕಿನ ಹಣ ವರ್ಷಕ್ಕೊಮ್ಮೆ, ಅದೂ ಬೇಲೂರಿನ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ. ಇನ್ನು ತೆಂಗಿನ ಹೋಳು, ಬಾಳೆಹಣ್ಣು. ಹೋಳಿಗೆ ಮಾತ್ರ ಮನೆಯಲ್ಲಿ ಯಾವತ್ತೂ ಬರಗಾಲ ಬಂದಿರಲಿಲ್ಲ. ಉಳಿದ ಐದು ತಿಂಗಳು ಮನೆ ನಡೆಯುತ್ತಿದ್ದದ್ದು ಬೀರೇಶ, ಲತಾಮಣಿ ಇಬ್ಬರೂ ಶುಂಠಿ ಹೊಲದಲ್ಲಿ ಕೂಲಿ ಮಾಡುತ್ತಿದ್ದುದರಿಂದ. ಲತಾಮಣಿಗೆ ಈಗ ಐದು ತಿಂಗಳು.

ಮೂರು ದಿನ ಮನೆಯಲ್ಲಿ ಒಂದೇ ಮಾತು. ಹಾಲು ಕರೆಯುವಾಗಲೂ ಅದೇ, ನೀರು ಸೇದುವಾಗಲೂ ಅದೇ.

"ಚಿಕ್ಕಣ್ಣ ಮಾಡ್ಲಿ ಪೂಜೆ," ಎಂದಳು ಗಿರಿಯಮ್ಮ. ಚಿಕ್ಕಣ್ಣ ಕಾಳಯ್ಯನ ತಮ್ಮ, ಇನಾಮು ಹೊಲದ ಮೇಲೆ ಮೊದಲಿನಿಂದಲೂ ಒಂದು ಕಣ್ಣಿಟ್ಟಿದ್ದವನು. "ಹೊಲಾನೂ ಅವನೇ ಉತ್ಕೊಳ್ಳಿ. ನನ್ನ ಮಗಂಗೆ ಸಂಬಳ ಬತ್ತದೆ."

"ಚಿಕ್ಕಣ್ಣ ಕಿರಿಯೋನು. ಹಿರೇಮಗ ಇರೋವಾಗ ಕಿರಿಯೋನ್ಗೆ ಪಟ್ಟ ಕಟ್ಟಿದ್ದಿಲ್ಲ," ಎಂದ ಕಾಳಯ್ಯ.

"ನೀನು ಏನಂತೀಯೋ?" ಗಿರಿಯಮ್ಮ ಮಗನ ಕಡೆ ತಿರುಗಿದಳು.

"ನಂಗೆ ಹೋಗ್ಬೇಕು ಅಂತ ಐತೆ ಕಣವ್ವ. ಆದ್ರೆ ದೇವರ ಮಾತು ಮೀರಿ ಹೋಗಲ್ಲ."

"ದೇವರು ನಿನ್ತಾವ ಮಾತಾಡ್ದನಾ?"

"ಇನ್ನೂ ಕೇಳಿಲ್ಲ."

ಕೊನೆಗೆ ಕೇಳುವುದೆಂದೇ ತೀರ್ಮಾನವಾಯಿತು. ಗುಡಿ ಸಮಿತಿಯ ಜಯದೇವಪ್ಪನವರು ಒಂದು ಬೆಳಿಗ್ಗೆ ಜಗಲಿಗೆ ಬಂದು ಕುಳಿತರು. ದೊಡ್ಡ ಹಿಡುವಳಿಯವರು, ಊರಿನ ನ್ಯಾಯ ಪಂಚಾಯ್ತಿಯೆಲ್ಲ ಅವರದೇ. ಲತಾಮಣಿ ಕೊಟ್ಟ ಕಾಫಿ ಕುಡಿದು, "ನೋಡು ಕಾಳಯ್ಯ, ಹುಡುಗನ ಹೊಟ್ಟೆ ಮೇಲೆ ಹೊಡ್ಯೋಕೆ ಊರಿಗೇನು ಆಸೆ ಇಲ್ಲ," ಎಂದರು. "ಹಿರೇಮಗನ್ನ ಪಟ್ಟದಿಂದ ಬಿಡಿಸೋದು ನನ್ನ ಕೈಲಿಲ್ಲ, ನಿನ್ನ ಕೈಲೂ ಇಲ್ಲ. ಸೋಮವಾರ ಹೂವು ಕೇಳಾಣ. ಬಲ ಕೊಟ್ರೆ ಹುಡುಗ ಹಾಸನಕ್ಕೆ ಹೋಗ್ಲಿ, ಚಿಕ್ಕಣ್ಣಂಗೆ ಪಟ್ಟ ಕಟ್ಟಾಣ. ಎಡ ಕೊಟ್ರೆ ಮುಗೀತು."

ಈ ಹೂವು ಕೇಳುವುದು ಸುತ್ತಲ ಹತ್ತು ಹಳ್ಳಿಗೂ ಗೊತ್ತಿದ್ದ ಕ್ರಮ. ಎರಡು ಕಣಗಿಲೆ ಹೂವನ್ನು ಒದ್ದೆ ಮಾಡಿ ದೇವರ ಕಲ್ಲಿನ ಎರಡು ಭುಜಕ್ಕೂ ಅಂಟಿಸುವುದು, ಕೇಳಬೇಕಾದ್ದನ್ನು ಕೇಳಿ ಕಾಯುವುದು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬಲಗಡೆ ಎಂದರೆ ದೇವರ ಬಲಗಡೆ. ಎದುರಿಗೆ ನಿಂತವರಿಗೆ ಅದು ಎಡಗಡೆ. ಹೊಸಬರು ಇದು ಗೊತ್ತಿಲ್ಲದೆ ಅಳುವುದಕ್ಕೆ ಶುರುಮಾಡಿ, ಪಕ್ಕದವರು ತಿಳಿಸಿದ ಮೇಲೆ ಕಣ್ಣೊರೆಸಿಕೊಂಡು ನಗುವುದಿತ್ತು. ಬಿದ್ದದ್ದು ಯಾವುದೆಂದು ಪೂಜಾರಿಯೇ ಗಟ್ಟಿಯಾಗಿ ಹೇಳಬೇಕು. ಹೇಳಿದ ಮೇಲೆ ಅದಕ್ಕೆ ಮೇಲ್ಮನವಿಯಿಲ್ಲ.

ಹೂವು ಬೀಳುವುದು ಕಾಳಯ್ಯನ ಬೆರಳಿನಿಂದ ಎಂಬುದು ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವನಿಗೆ ಮತ್ತು ಗಿರಿಯಮ್ಮನಿಗೆ. ಉಳಿಯಬೇಕಾದ ಹೂವಿನ ಹಿಂದೆ ಉಗುರಿನಷ್ಟು ಗಂಧ ಸವರಿದರೆ ಅದು ಮಧ್ಯಾಹ್ನದವರೆಗೂ ಅಲುಗುವುದಿಲ್ಲ. ಇನ್ನೊಂದಕ್ಕೆ ಬರೀ ನೀರು, ಅದು ಸ್ವಲ್ಪ ಹೊತ್ತಿಗೆಲ್ಲ ಜಾರುತ್ತದೆ. ಅವನಪ್ಪ ಹೇಳಿಕೊಟ್ಟಿದ್ದ, ಅಪ್ಪನಿಗೆ ತಾತ. ಕಾಳಯ್ಯ ಇದರಿಂದ ಒಂದು ಕಾಸು ಮಾಡಿಕೊಂಡವನಲ್ಲ. ಓದಬೇಕೆಂದ ಹುಡುಗನಿಗೆ ಬಲ ಕೊಡಿಸಿದ್ದ, ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತೇವೆಂದಾಗ ಎಡ ಕೊಡಿಸಿದ್ದ. ಗಿರಿಯಮ್ಮ ಬಾಣಂತನ ಮುಗಿಸಿ ಮೊದಲ ಸಲ ಗುಡಿ ಗುಡಿಸಲು ಹೋದಾಗ ಉದುರದ ಹೂವಿನ ಹಿಂದೆ ಗಂಧ ಕಂಡಿದ್ದಳು. ಅವತ್ತು ಕಾಳಯ್ಯ ಅವಳ ಕೈಯನ್ನು ದೇವರ ಭಂಡಾರದ ಅರಿಶಿನದಲ್ಲಿ ಅದ್ದಿಸಿ, ತೊಟ್ಟಿಲ ಕೂಸು ಬೀರೇಶನ ತಲೆ ಮುಟ್ಟಿಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿಕೊಂಡಿದ್ದ. ಹೇಳಿದರೆ ಆ ತಲೆ ಉಳಿಯುವುದಿಲ್ಲವೆಂದು ಅವಳು ಇವತ್ತಿಗೂ ನಂಬಿದ್ದಳು.

ಭಾನುವಾರ ಸಂಜೆ ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಮಾತು ತೆಗೆದಳು. ಮಗ ಸೊಸೆ ಕಣದಲ್ಲಿದ್ದರು.

"ನಾಳೆ ಬಲ ಕೊಡ್ಸಿ."

"ಕೊಡೋನು ಅವನು."

"ನನ್ತಾವ ಬ್ಯಾಡ ಆ ಮಾತು. ಊರೋರ ಮಕ್ಕಳಿಗೆಲ್ಲ ಕೊಡ್ಸಿದ್ದೀರಿ. ಗಿಡ್ಡಮ್ಮನ ಮಗಳಿಗೂ ಕೊಡ್ಸಿದ್ರಿ."

ಆ ಹೆಸರು ಕೇಳಿ ಕಾಳಯ್ಯ ತಟ್ಟೆಯನ್ನು ದೂರ ತಳ್ಳಿದ. ಹಿಂದಿನ ಬೀದಿಯ ಗಿಡ್ಡಮ್ಮನ ಮಗಳು ಬಿಂದುಶ್ರೀಯನ್ನು ಬಿಕ್ಕೋಡಿನ ಜೀಪ್ ಡ್ರೈವರ್ ಒಬ್ಬನಿಗೆ ಕೊಟ್ಟದ್ದು ಹೂವು ಕೇಳಿಯೇ. ಹುಡುಗ ಒಳ್ಳೆಯವನೆಂದು ನಾಲ್ಕು ಜನ ಹೇಳಿದ್ದರಿಂದ ಕಾಳಯ್ಯ ಬಲ ಕೊಡಿಸಿದ್ದ. ಹದಿನೈದು ದಿನದ ಹಿಂದೆ ಆ ಹುಡುಗಿ ಗಂಡನ ಏಟಿಗೆ ಊದಿದ ಕಿವಿ ಹೊತ್ತುಕೊಂಡು ತವರಿಗೆ ಬಂದಿದ್ದಳು. ಈಗ ಲತಾಮಣಿಯ ಜೊತೆ ಶುಂಠಿ ಕೀಳಲು ಹೋಗುತ್ತಿದ್ದಳು. ಬಲಗಿವಿ ಕೇಳಿಸದ್ದರಿಂದ ಮಾತಾಡಿಸುವವರು ಎಡಗಡೆ ನಡೆಯಬೇಕಾಗಿತ್ತು.

"ಅದ್ಕೇ ಕಣೇ ನಂಗೆ ಹೆದ್ರಿಕೆ," ಎಂದ ಕಾಳಯ್ಯ.

"ಸಂಬಳ ಒದೆಯಾಕಿಲ್ಲ, ಕೊಡಿಸಿ," ಎಂದು ರೊಟ್ಟಿಯನ್ನು ಹೆಂಚಿನ ಮೇಲೆ ಎಸೆದಳು ಗಿರಿಯಮ್ಮ.

ಅವನು ತಳ್ಳಿದ ತಟ್ಟೆಯನ್ನು ಮತ್ತೆ ಎಳೆದುಕೊಂಡ. "ಆಯ್ತು ಬಿಡು. ಹೋಗ್ಲಿ ಮಗ," ಎಂದ. ಗಿರಿಯಮ್ಮ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು.

ಸೋಮವಾರ ಗುಡಿಯ ಮುಂದೆ ಊರೇ ಸೇರಿತ್ತು. ಚಿಕ್ಕಣ್ಣ ಹೊಸ ಪಂಚೆಯುಟ್ಟು, ಯಾಕೆಂದು ಯಾರೂ ಕೇಳದಿದ್ದರೂ, "ಹಬ್ಬಕ್ಕೆ ಅಂತ ತಂದಿದ್ದೆ" ಎಂದು ಹೇಳಿಕೊಂಡು ಓಡಾಡುತ್ತಿದ್ದ. ಕಾಳಯ್ಯ ಒಳಗೆ ಗಂಧ ತೇಯ್ದ. ನಲವತ್ತು ವರ್ಷ ಅವನು ಈ ಕೆಲಸವನ್ನು ಯೋಚಿಸಿ ಮಾಡಿರಲಿಲ್ಲ. ಬಾಯಿ ಮಂತ್ರ ಹೇಳುತ್ತಿದ್ದರೆ ಬೆರಳು ತನ್ನ ಪಾಡಿಗೆ ದೇವರ ಯಾವ ಭುಜಕ್ಕೆ ಬೇಕೋ ಅಲ್ಲಿಗೆ ಹೋಗುತ್ತಿತ್ತು. ಇವತ್ತು ಮಾತ್ರ ಯೋಚಿಸಿದ. ಬಲ ಬೀಳಬೇಕು, ಬಲ ಬೀಳಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ತನ್ನ ಬಲಕ್ಕಿದ್ದ ಹೂವಿಗೆ ಬರೀ ನೀರು ಹಚ್ಚಿದ. ತನ್ನ ಎಡಕ್ಕಿದ್ದ ಹೂವಿಗೆ ಗಂಧ ಸವರಿದ.

ಪಕ್ಕಕ್ಕೆ ಸರಿದು ನಿಂತಾಗ ಗೊತ್ತಾಯಿತು. ಗಂಧ ಹಚ್ಚಿದ್ದು ದೇವರ ಬಲಭುಜಕ್ಕೆ. ಇಟ್ಟ ಹೂವನ್ನು ಪೂಜಾರಿ ಮತ್ತೆ ಮುಟ್ಟುವಂತಿಲ್ಲ. ಜಯದೇವಪ್ಪನವರು ಆಗಲೇ ಪ್ರಶ್ನೆ ಕೇಳಿ ಮುಗಿಸಿದ್ದರು. ಬಾಗಿಲಲ್ಲಿ ಬೀರೇಶ ಕೈಮುಗಿದು ಕಣ್ಣು ಮುಚ್ಚಿ ನಿಂತಿದ್ದ. ಲತಾಮಣಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೂವನ್ನೇ ನೋಡುತ್ತಿದ್ದಳು. ಬೀಳಬೇಡ ಎಂದು ಕಾಳಯ್ಯ ದೇವರ ಎಡಭುಜದ ಹೂವನ್ನು ಬೇಡಿಕೊಂಡ, ದೇವರನ್ನು ಅಷ್ಟು ಮನಸ್ಸಿಟ್ಟು ಅವನು ಯಾವತ್ತೂ ಬೇಡಿರಲಿಲ್ಲ. ಅದು ಸ್ವಲ್ಪ ಜಾರಿತು, ನಿಂತಿತು, ಬಿತ್ತು.

"ಏನು ಕೊಟ್ಟ ಕಾಳಯ್ಯ?" ಜಯದೇವಪ್ಪನವರು ಕೇಳಿದರು.

"ಎಡ," ಎಂದ ಕಾಳಯ್ಯ.

ಬೀರೇಶ ಕಣ್ಣು ಬಿಟ್ಟ. ಮುಖದಲ್ಲಿದ್ದುದೆಲ್ಲ ಇಳಿದುಹೋಯಿತು. ಆದರೂ ಅಲ್ಲೇ ಉದ್ದಕ್ಕೆ ಅಡ್ಡಬಿದ್ದು, ಎದ್ದು, ತೀರ್ಥಕ್ಕೆ ಕೈಯೊಡ್ಡಿದ. ಚಿಕ್ಕಣ್ಣ ತೀರ್ಥ ತೆಗೆದುಕೊಳ್ಳದೆ ಮನೆಗೆ ಹೋದ.

ಆಮೇಲೆ ಎರಡು ದಿನ ಗಿರಿಯಮ್ಮ ಗಂಡನೊಂದಿಗೆ ಮಾತಾಡಲಿಲ್ಲ. ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೋಗುತ್ತಿದ್ದಳು. ಮುದ್ದೆ ಇರುತ್ತಿತ್ತು, ಸಾರಿಗೆ ಉಪ್ಪಿರುತ್ತಿರಲಿಲ್ಲ. ಅವನು ಕೇಳದೆ ಉಂಡ. ಮೂರನೆಯ ದಿನ ಕೊಟ್ಟಿಗೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿ ನಡೆದದ್ದನ್ನು ಹೇಳಿದ.

"ತಿರುಗಾ ಮುರುಗಾ ಆಗೋಯ್ತು ಕಣೇ. ನನ್ನ ಬಲಾನ ಅವನ ಬಲ ಅಂದ್ಕೊಂಡೆ."

ಗಿರಿಯಮ್ಮ ನಂಬಲಿಲ್ಲ. ಆಮೇಲೆ ಅವನ ಮುಖ ನೋಡಿ ನಂಬಿದಳು. ನಂಬಿದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. "ಹಂಗಾದ್ರೆ ಹೋಗಿ ಹೇಳಿ. ಇನ್ನೂ ಎಂಟು ದಿನ ಐತೆ."

"ಏನಂತ ಹೇಳ್ಲಿ?"

"ಕೈ ತಪ್ತು ಅಂತ."

"ಕೈ ಯಾಕೆ ಹಾಕಿದ್ದೆ ಅಂತ ಕೇಳ್ತಾರೆ. ಹೂವು ಬೀಳಿಸೋದು ನಾನು ಅಂದ್ರೆ, ನಲವತ್ತು ವರ್ಷದಿಂದ ಬಿದ್ದಿದ್ದೆಲ್ಲ ಯಾರದ್ದು ಅಂತಾರೆ. ಗಿಡ್ಡಮ್ಮ ಬಂದು, ನನ್ನ ಮಗಳ ಕಿವಿ ತಕ್ಕೊಡು ಅಂದ್ರೆ ಏನ್ಕೊಡ್ಲಿ?"

"ಅವಳಿಗೆ ಏನಾದ್ರೂ ಕೊಡಿ. ನನ್ನ ಮಗನ ಬದುಕು ಕೊಡಿ ನಂಗೆ. ನನ್ನ ಬಾಯಿಗೆ ನೀವೇ ಬೀಗ ಹಾಕಿದ್ದೀರಿ, ಇಲ್ದಿದ್ರೆ ನಾನೇ ಕೂಗಿ ಹೇಳ್ತಿದ್ದೆ." ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಕರು ಹಗ್ಗ ಬಿಡಿಸಿಕೊಂಡು ಅವತ್ತಿನ ಹಾಲನ್ನೆಲ್ಲ ಕುಡಿಯಿತು.

ಮಾರನೆಯ ದಿನ ಕಾಳಯ್ಯ ಹೇಳಿಯೇ ಬಿಡುತ್ತೇನೆಂದು ಜಯದೇವಪ್ಪನವರ ಮನೆಗೆ ಹೋದ. ಅವರು ಅಂಗಳದಲ್ಲಿ ಕೊಬ್ಬರಿ ಹರಡಿಸುತ್ತಿದ್ದರು. ಇವನನ್ನು ಕಂಡವರೇ ಎದುರು ಬಂದು, ತಮಗಿಂತ ಕಿರಿಯನೆಂಬುದನ್ನೂ ನೋಡದೆ, ಬಗ್ಗಿ ಇವನ ಕಾಲು ಮುಟ್ಟಿದರು.

"ಅಯ್ಯೋ ಬ್ಯಾಡಿ ಗೌಡ್ರೇ."

"ಸುಮ್ನಿರು. ನಿನ್ನತ್ರ ಒಂದು ಮಾತು ಹೇಳ್ಬೇಕಿತ್ತು," ಎಂದರು ಅವರು. "ಈ ಹೂವಿನ ವಿಷಯದಲ್ಲಿ ನಂಗೆ ಒಳಗೊಳಗೇ ಅನುಮಾನ ಇತ್ತು ಕಣಯ್ಯ. ಪೂಜಾರಿ ಕೈವಾಡ ಇರಬೋದು ಅನ್ಕೋತಿದ್ದೆ. ಸ್ವಂತ ಮಗನ ಅನ್ನದ ಪ್ರಶ್ನೆ ಬಂದಾಗ್ಲೂ ಎಡ ಅಂದ್ಯಲ್ಲ, ಅವತ್ತೇ ನನ್ನ ಅನುಮಾನ ಸತ್ತೋಯ್ತು. ಏನ್ ಬಂದೆ, ಹೇಳು."

ಕಾಳಯ್ಯ ನಿಂತ. ಹರಡಿದ ಕೊಬ್ಬರಿಯ ಕಡೆ ನೋಡಿದ. "ಸಂಕ್ರಾಂತಿಗೆ ತೆಂಗಿನಕಾಯಿ ಬೇಕಾಗಿತ್ತು," ಎಂದ.

ಅವರು ಇಪ್ಪತ್ತೈದು ಕಾಯಿ ಕೊಟ್ಟು, ಆಳಿನ ಕೈಯಲ್ಲಿ ಮನೆಯವರೆಗೂ ಹೊರಿಸಿದರು. ಗಿರಿಯಮ್ಮ ಕಾಯಿಯ ಚೀಲವನ್ನು ಕೊಟ್ಟಿಗೆಯ ಮೂಲೆಗೆ ಉರುಳಿಸಿದಳು.

ಆ ವಾರದಲ್ಲಿ ಲತಾಮಣಿ ಎರಡು ಸಲ ಜಗಳವಾಡಿದಳು. ಇಪ್ಪತ್ಮೂರರ ಸಂಜೆ ಗಂಡನ ಮಾರ್ಕ್ಸ್ ಕಾರ್ಡು, ಲೈಸೆನ್ಸು, ಜಾತಿ ಸರ್ಟಿಫಿಕೇಟು ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಅವನ ಮುಂದಿಟ್ಟಳು.

"ಬೆಳಿಗ್ಗೆ ಏಳೂವರೆ ಬಸ್ಸಿಗೆ ನಡೀರಿ. ನಾನೂ ಬತ್ತೀನಿ."

"ದೇವರು ಬ್ಯಾಡ ಅಂದದ್ದನ್ನ ನೀನು ಮಾಡಿಸ್ತೀಯಾ?"

"ದೇವರು ಶುಂಠಿ ಕೀಳ್ತಾನಾ? ಎಂಟನೇ ತಿಂಗಳವರೆಗೂ ಬಗ್ಗಿ ಕೀಳೋಳು ನಾನು."

"ಹೊಟ್ಟೇಲಿ ಮಗು ಇಟ್ಕೊಂಡು ಹಂಗನ್ಬ್ಯಾಡ ಕಣೇ," ಎಂದ ಬೀರೇಶ. ಅವನಿಗೆ ನಿಜವಾಗಿಯೂ ಭಯವಾಗಿತ್ತು. "ಅಪ್ಪಯ್ಯಂಗೆ ನನ್ನ ಕಳಿಸೋ ಮನಸಿತ್ತು, ಅವನ ಮುಖ ನೋಡಿದ್ರೆ ಗೊತ್ತಾಗ್ತದೆ. ಆದ್ರೂ ಎಡ ಬಿತ್ತು. ಅಂದ್ಮೇಲೆ ಅದು ದೇವರದ್ದೇ ಮಾತು. ನಾನೇನು ಮಾಡ್ಲಿ?"

ಅಡುಗೆಮನೆಯಲ್ಲಿ ಗಿರಿಯಮ್ಮ ಈ ಮಾತು ಕೇಳಿಸಿಕೊಂಡಳು. ಜಗಲಿಯಲ್ಲಿ ಕಾಳಯ್ಯನೂ ಕೇಳಿಸಿಕೊಂಡ. ಇಬ್ಬರೂ ಇದ್ದಲ್ಲೇ ಇದ್ದರು. ಮಾರನೆಯ ಬೆಳಿಗ್ಗೆ ಏಳೂವರೆ ಬಸ್ಸು ಹುಲಿಕೆರೆ ಕಡೆಯಿಂದ ಹಾರನ್ ಹೊಡೆದುಕೊಂಡು ಹೋದಾಗ ಬೀರೇಶ ಕಣದಲ್ಲಿ ರಾಗಿ ತೂರುತ್ತಿದ್ದ. ಲತಾಮಣಿ ಪ್ಲಾಸ್ಟಿಕ್ ಕವರನ್ನು ಟ್ರಂಕಿಗೆ ಹಾಕಿ ಕೆಲಸಕ್ಕೆ ಹೋದಳು. ಅವತ್ತಿನಿಂದ ಅವಳು ಸೋಮವಾರ ಗುಡಿಗೆ ಹೋಗುವುದನ್ನು ಬಿಟ್ಟಳು.

ಸಂಕ್ರಾಂತಿಯ ದಿನ ಪಟ್ಟ ಕಟ್ಟಿದರು. ಡೊಳ್ಳಾಯಿತು, ಊಟವಾಯಿತು. ಬೀರೇಶ ತನ್ನ ಹವಾಯಿ ಚಪ್ಪಲಿಯನ್ನು ಹೆಂಡತಿಗೆ ಕೊಟ್ಟ. ಅವಳ ಕಾಲಿಗೆ ದೊಡ್ಡದಾಗಿದ್ದರೂ ಹಾಕಿಕೊಂಡು ಶುಂಠಿ ಹೊಲಕ್ಕೆ ಹೋದಳು. ಅವಳ ಕೂಲಿ ಒಂದೇ ಈಗ ಮನೆಗೆ. ಬೀರೇಶ ಊಟಕ್ಕೆ ಮನೆಗೇ ಬರಬೇಕು, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಪೂಜೆ. ಅಂಥವನನ್ನು ಶುಂಠಿಯವರು ಕೂಲಿಗೆ ಕರೆಯುತ್ತಿರಲಿಲ್ಲ.

ಮುಂದಿನ ಸೋಮವಾರ ಗಿಡ್ಡಮ್ಮ ಹೂವು ಕೇಳುತ್ತೇನೆಂದು ಹೇಳಿಕಳಿಸಿದ್ದಳು. ಹೊಸ ಪೂಜಾರಿಗೆ ಅದೇ ಮೊದಲ ಹೂವು. ಬಿಕ್ಕೋಡಿನ ಗಂಡನ ಮನೆಯವರು ಮಗಳನ್ನು ಕಳಿಸೆಂದು ಜನ ಅಟ್ಟಿದ್ದರು. ಕಳಿಸುವುದೋ ಬೇಡವೋ ಎಂಬುದು ಪ್ರಶ್ನೆ. ಕಾಳಯ್ಯ ಬೆಳಿಗ್ಗೆ ಬೇಗನೆ ಮಗನನ್ನು ಗರ್ಭಗುಡಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಗಂಧ ತೇಯಿಸಿದ. ಎರಡು ಹೂವು ಕೈಗೆ ಕೊಟ್ಟ.

"ಉಳೀಬೇಕಾದ ಹೂವಿಗೆ ಇಷ್ಟು ಗಂಧ," ಎಂದು ಉಗುರು ತೋರಿಸಿದ. "ಬೀಳ್ಬೇಕಾದ್ದಕ್ಕೆ ಬರೀ ನೀರು."

ಬೀರೇಶನಿಗೆ ತಕ್ಷಣ ಅರ್ಥವಾಗಲಿಲ್ಲ. ಬೆರಳಿನ ಮೇಲಿನ ಗಂಧವನ್ನೇ ನೋಡುತ್ತ ನಿಂತ. ಆಮೇಲೆ ಕೇಳಿದ: "ಎಲ್ಲಾ ಹಿಂಗೇನಾ ಅಪ್ಪಯ್ಯ?"

"ಹೆಚ್ಚುಕಮ್ಮಿ ಎಲ್ಲಾ."

"ಬಿಂದುಶ್ರೀ ಮದುವೇದು?"

"ಹ್ಞೂ. ಹುಡುಗ ಒಳ್ಳೇನು ಅಂದಿದ್ರು."

"ನಂದು?"

ಕಾಳಯ್ಯ ಹೇಳಿದ. ಎಡ ಬಲ ತಿರುಗಿದ್ದು, ಬೇಡಿಕೊಂಡದ್ದು, ಜಯದೇವಪ್ಪನವರ ಮನೆಗೆ ಹೋಗಿ ತೆಂಗಿನಕಾಯಿ ತಂದದ್ದು, ಒಂದನ್ನೂ ಬಿಡಲಿಲ್ಲ.

"ಹೂವು ಬಿದ್ದಿದ್ದು ಹದಿಮೂರಕ್ಕೆ," ಎಂದ ಬೀರೇಶ. "ಇಪ್ಪತ್ನಾಲ್ಕರ ತನಕ ಟೈಮಿತ್ತು."

"ಇತ್ತು."

"ಊರಿಗೆ ಹೇಳೋದು ಬ್ಯಾಡಾಗಿತ್ತು. ನನ್ನೊಬ್ಬಂಗೆ ಕಿವೀಲಿ ಹೇಳಿದ್ರೆ ಸಾಕಾಗಿತ್ತು. ನಾನು ಓಡೋಗ್ತಿದ್ದೆ."

"ಬಾಯಿ ಬರ್ಲಿಲ್ಲ ಕಣ್ಲಾ."

"ಹನ್ನೊಂದು ದಿನ ಬಾಯಿ ಬರ್ಲಿಲ್ವಾ ನಿಂಗೆ!" ಬೀರೇಶನ ಧ್ವನಿ ಕಲ್ಲಿಗೆ ಬಡಿದು ವಾಪಸು ಬಂತು. ಅವನು ಹುಟ್ಟಿದ ಮೇಲೆ ಅಪ್ಪನ ಮುಂದೆ ಕೂಗಿದ್ದು ಅದೇ ಮೊದಲು. ಬೆರಳಿನ ಗಂಧವನ್ನು ಕೊಡದ ನೀರಿನಲ್ಲಿ ತೊಳೆದುಕೊಂಡು ಬಾಗಿಲು ತೆಗೆದ.

ಹೊರಗೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಜಯದೇವಪ್ಪನವರು ಮುಂದೆ ನಿಂತಿದ್ದರು. ಗಿಡ್ಡಮ್ಮ ಹಣ್ಣುಕಾಯಿ ತಟ್ಟೆ ಹಿಡಿದುಕೊಂಡಿದ್ದಳು, ಪಕ್ಕದಲ್ಲಿ ಬಿಂದುಶ್ರೀ, ಅವಳ ಕಾಲ ಬಳಿ ಒಂದು ಬಟ್ಟೆಯ ಬ್ಯಾಗು. ದೇವರು ಬಲ ಕೊಟ್ಟರೆ ಒಂಬತ್ತರ ಬಸ್ಸಿಗೇ ಹೋಗಿಬಿಡಲಿ ಎಂದು ಗಿಡ್ಡಮ್ಮ ಬ್ಯಾಗು ಹೊರಿಸಿಕೊಂಡೇ ಬಂದಿದ್ದಳು.

ಕಾಳಯ್ಯ ಮಗನ ಹಿಂದೆ ನಿಂತು ಪಿಸುಗುಟ್ಟಿದ: "ದೇವರ ಬಲಕ್ಕೆ ಗಂಧ ಹಾಕು. ಎಡ ಬೀಳ್ಲಿ. ಆ ಮಗು ಹೋಗ್ಬಾರ್ದು."

"ನಾನು ನಿನ್ನಂಗೆ ಮೋಸ ಮಾಡಲ್ಲ. ದೇವರಿದ್ರೆ ಅವನೇ ಹೇಳ್ಲಿ."

"ಮಗಾ, ಹಟ ಮಾಡ್ಬ್ಯಾಡ ಕಣೋ."

ಬೀರೇಶ ಎರಡು ಹೂವಿಗೂ ಒಂದೇ ಸಮ ನೀರು ಹಚ್ಚಿ ಎರಡು ಭುಜಕ್ಕೂ ಅಂಟಿಸಿದ. ಗಿಡ್ಡಮ್ಮ ಪ್ರಶ್ನೆ ಕೇಳಿದಳು. ಕಾದರು. ಎರಡೂ ಹೂವು ಅಂಟಿಕೊಂಡೇ ಇದ್ದವು. ಹೆಂಗಸರು ದೇವರ ಹೆಸರು ಕೂಗಿದರು. ಬೀರೇಶನ ಸಿಟ್ಟು ಇಳಿದು ಹೆದರಿಕೆ ಹತ್ತತೊಡಗಿತು. ಬಿಂದುಶ್ರೀ ಎಡಗಿವಿಯನ್ನು ಮುಂದೆ ಮಾಡಿಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು. ಬಾಗಿಲಿನಿಂದ ಗಾಳಿ ಬಂತೋ, ನೀರೇ ಒಂದು ಹನಿ ಹೆಚ್ಚಾಗಿತ್ತೋ, ಹೂವೊಂದು ಕಳಚಿ ಕೆಳಗೆ ಬಿತ್ತು.

"ಏನು ಕೊಟ್ಟನಪ್ಪ?" ಜಯದೇವಪ್ಪನವರು ಕೇಳಿದರು.

ಬಿದ್ದದ್ದು ಯಾವುದೆಂದು ಮುಂದೆ ನಿಂತಿದ್ದವರಿಗೆಲ್ಲ ಕಂಡಿತ್ತು. "ಬಲ," ಎಂದ ಬೀರೇಶ.

ಗಿಡ್ಡಮ್ಮ ಅಳುತ್ತಲೇ ಕೈಮುಗಿದಳು. "ಅವನೇ ಹೋಗು ಅಂದ್ಮೇಲೆ ಅವನೇ ಕಾಯ್ತಾನೆ ಬಿಡವ್ವ," ಎಂದು ಮಗಳ ಎಡಗಿವಿಗೆ ಹೇಳಿದಳು. ಬಿಂದುಶ್ರೀ ಕುಂಕುಮ ಹಚ್ಚಿಸಿಕೊಂಡು ಬ್ಯಾಗು ಎತ್ತಿಕೊಂಡಳು. ತಾಯಿ ಮಗಳು ಹುಲಿಕೆರೆ ರಸ್ತೆಯ ಕಡೆಗೆ ಹೊರಟರು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಗುಡಿಯ ಬಾಗಿಲಿನಿಂದ ರಸ್ತೆ ಬಹಳ ದೂರದವರೆಗೂ ಕಾಣುತ್ತದೆ. "ಕರಿಯೋ," ಎಂದ ಕಾಳಯ್ಯ ಹಿಂದಿನಿಂದ. "ಅದು ಬರೀ ನೀರು ಅಂತ ಹೇಳೋ. ಇನ್ನೂ ಕಾಣ್ತಾವ್ರೆ." ಬೀರೇಶ ಹೊಸ್ತಿಲು ದಾಟಿ ಒಂದು ಹೆಜ್ಜೆ ಮುಂದೆ ಬಂದ. ಇಪ್ಪತ್ತು ಮೂವತ್ತು ಜನ ಕೈಮುಗಿದು ಅವನ ಕಡೆಗೇ ತಿರುಗಿದರು. ಅವನು ಬಾಯಿ ತೆರೆದ.

"ತೀರ್ಥ ಕೊಡಪ್ಪ ಪೂಜಾರಪ್ಪ," ಎಂದು ಜಯದೇವಪ್ಪನವರು ಅಂಗೈ ಚಾಚಿದರು.

ಬೀರೇಶ ತೀರ್ಥ ಕೊಟ್ಟ. ಅವರಾದ ಮೇಲೆ ಇನ್ನೊಬ್ಬರು ಕೈಯೊಡ್ಡಿದರು, ಅವರಿಗೂ ಕೊಟ್ಟ.